ಮಣ್ಣು ಕಳೆದ ತೂಕ

ಕಿಟಕಿಯ ಮೇಲಿನ ಬೋರ್ಡು ಹೊಸದು. 'ಹಳೆಯ ಶಿಕ್ಷೆಗಳ ರದ್ದತಿ' ಎಂದು ಬರೆದಿದ್ದ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಕೆಳಗೆ ಸಾಲಾಗಿ ನಿಂತಿದ್ದ ತಲೆಗಳು ಮಾತ್ರ ಹಳೆಯವು: ನರೆತವು, ಬೋಳಾದವು, ಒಂದೆರಡು ತಮ್ಮಷ್ಟಕ್ಕೆ ಅಲುಗಾಡುವವು. ಪ್ರಾಯದಲ್ಲಿ ಶಿಕ್ಷೆ ಕೊಟ್ಟು ಮುಪ್ಪಿನಲ್ಲಿ ಕ್ಷಮಿಸಲು ಹೊರಟ ಸರ್ಕಾರಕ್ಕೆ, ಅವರು ಕೂರಲು ಒಂದು ಬೆಂಚು ಹಾಕಿಸಬೇಕೆಂಬುದು ಹೊಳೆದಿರಲಿಲ್ಲ.

ಹುರಿಯಜ್ಜ ಸಾಲಿನಲ್ಲಿ ಹದಿನೇಳನೆಯವನು. ಎಪ್ಪತ್ತೆರಡರ ಮುದುಕ. ಹಗ್ಗದ ಓಣಿಯಲ್ಲಿ ಅವನಷ್ಟು ಬಿಗಿಯಾಗಿ ಹುರಿ ಹೊಸೆಯುವವರು ಇನ್ನೊಬ್ಬರಿಲ್ಲವಾದ್ದರಿಂದ ಆ ಹೆಸರು. ಜೊತೆಗೆ ಮಗಳು, ನಲವತ್ತರವಳು. ಅವಳ ಕೈಯ ಚೀಲದಲ್ಲಿ ಇನ್ನೊಂದು ಅರ್ಜಿಯಿತ್ತು, ಅದು ಬೇರೆ ಕಚೇರಿಗೆ ಕೊಡಬೇಕಾದ್ದು: ನಾರಿಗಾಗಿ ಭಂಗಿ ಗಿಡ ಬೆಳೆಯಲು ಪರವಾನಗಿ ಕೋರಿ. ಅದರ ಒಂಬತ್ತನೆಯ ಕಲಮು ಹೀಗಿತ್ತು: 'ಹಳೆಯ ಕಾಯಿದೆಯಡಿ ಶಿಕ್ಷೆಯಾದ ಯಾರೂ ಅರ್ಜಿದಾರರ ಮನೆಯಲ್ಲಿ ವಾಸವಾಗಿರಬಾರದು.' ಅರ್ಜಿಗೆ ಕೊನೆಯ ದಿನ ಶುಕ್ರವಾರ. ಇವತ್ತು ಮಂಗಳವಾರ.

"ಹೆಸರು ಆಮೇಲೆ. ಮೊಕದ್ದಮೆ ನಂಬರ್ ಹೇಳಿ," ಎಂದಳು ಕಿಟಕಿಯ ಹಿಂದಿನ ಗುಮಾಸ್ತೆ.

ಹುರಿಯಜ್ಜ ನಂಬರನ್ನು ವರ್ಷದ ಸಮೇತ ಗಟ್ಟಿಯಾಗಿ ಹೇಳಿದ. ಮಗಳ ಹುಟ್ಟಿದ ತಾರೀಖು ಅವನಿಗೆ ಅಷ್ಟು ಸರಿಯಾಗಿ ನೆನಪಿರಲಿಲ್ಲ.

ಗುಮಾಸ್ತೆ ಕಂಪ್ಯೂಟರಿನಲ್ಲಿ ಹುಡುಕಿದಳು. "ಐದು ಕಿಲೋ ನಾನೂರು ಗ್ರಾಂ. ಇದು ಆಗಲ್ಲ ಯಜಮಾನ್ರೇ. ಒಂದು ಕಿಲೋ ಒಳಗಿದ್ರೆ ಮಾತ್ರ ರದ್ದು. ಮುಂದಿನವರು ಬನ್ನಿ."

"ಐದು ನಾನೂರು ಅಂದ್ರೆ ಮಣ್ಣು ಸೇರಿಸಿ ತಾಯಿ. ಅದನ್ನ ಕಳ್ಕೊಳ್ಳಿ."

"ಏನನ್ನ ಕಳ್ಕೊಳ್ಬೇಕು?"

"ಮಣ್ಣನ್ನ. ಕುಂಡಾನ."

ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು. ಕೆಟ್ಟವಳಲ್ಲ, ಬೆಳಗಿನಿಂದ ಹದಿನಾರು ಮುದುಕರನ್ನು ನೋಡಿದವಳು, ಅಷ್ಟೇ. "ತೀರ್ಪಲ್ಲಿ ಬರೆದಿದೆ: 'ತೂಕ ಸರಿಯೆಂದು ಆರೋಪಿಯೇ ಒಪ್ಪಿಕೊಂಡಿದ್ದಾನೆ.' ನೀವೇ ಸರಿ ಅಂದಿದ್ದೀರಿ."

"ಸರಿ ಇದ್ದಿದ್ದನ್ನ ಸರಿ ಅಂದೆ."

"ಹಾಗಾದ್ರೆ ಮುಗೀತಲ್ಲ." ಮಗಳ ಚೀಲದಿಂದ ಇಣುಕುತ್ತಿದ್ದ ಪರವಾನಗಿ ಅರ್ಜಿಯನ್ನು ಕಂಡು ಅವಳೇ ದನಿ ತಗ್ಗಿಸಿದಳು. ಹೇಳಿದ್ದು ಮಗಳಿಗೆ. "ನೋಡಮ್ಮ, ಒಂದು ದಾರಿ ಇದೆ. 'ಕೋರ್ಟಲ್ಲಿ ನಾನು ತೂಕದ ಬಗ್ಗೆ ಸುಳ್ಳು ಹೇಳಿಕೆ ಕೊಟ್ಟಿದ್ದೆ, ನಿಜವಾದ ತೂಕ ಒಂದು ಕಿಲೋಗಿಂತ ಕಡಿಮೆ' ಅಂತ ಒಂದು ಪ್ರಮಾಣಪತ್ರ ಬರೆದು ಸಹಿ ಹಾಕಿ ಕೊಡಿ. ಇಪ್ಪತ್ತು ಜನ ಹಾಗೇ ಕೊಟ್ಟಿದ್ದಾರೆ. ಎರಡು ದಿನದಲ್ಲಿ ಆಗುತ್ತೆ. ಅದೂ ಬೇಡ ಅಂದ್ರೆ ಪರವಾನಗಿ ತನಿಖೆ ಮುಗಿಯೋವರೆಗೆ, ಒಂದು ನಾಲ್ಕು ತಿಂಗಳು, ಅಪ್ಪನ್ನ ಬೇರೆ ಮನೇಲಿ ಇಡಿ."

"ಮನೆ ಅವರದ್ದೇ ಮೇಡಮ್. ಇಡೋದಾದ್ರೆ ನನ್ನನ್ನೇ ಇಡ್ಬೇಕು," ಎಂದಳು ಮಗಳು.

ಹುರಿಯಜ್ಜ ಆಗಲೇ ಸಾಲಿನಿಂದ ಹೊರಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ. "ಸುಳ್ಳು ಅಂತ ನಾನು ಬರೆಯಲ್ಲ," ಎಂದ. ಜಗಳದ ದನಿಯಲ್ಲಲ್ಲ, ಸಂಜೆ ಊಟ ಬೇಡ ಎನ್ನುವವನ ದನಿಯಲ್ಲಿ.

*

ಓಣಿಯ ಲೆಕ್ಕವನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲವಾದರೆ ಈ ಮುದುಕ ಬರೀ ಹಟಮಾರಿಯಂತೆ ಕಾಣುತ್ತಾನೆ.

ನಾರಿನ ಗಿಡವನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ. ಕಿತ್ತಾಗ ಬೇರಿನ ಜೊತೆ ಮಣ್ಣೂ ಬರುತ್ತದೆ. ಹೊರೆ ಕಟ್ಟಿ ತಕ್ಕಡಿಯ ಕೊಕ್ಕೆಗೆ ಹಾಕಿದಾಗ ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟನ್ನು ಕೊಡುವವನು ಕೂಗಿ ಹೇಳಬೇಕು. ಒಂದು ಚೂರೂ ಕಡಿಮೆ ಹೇಳಬಾರದು. ಆಮೇಲೆ ಬೇರು ಕೊಡವಿ ನೋಡಿ, ಇಷ್ಟು ಮಣ್ಣು ಎಂದು ಕಳೆಯುವುದು ತೆಗೆದುಕೊಳ್ಳುವವನ ಕೆಲಸ. ತನ್ನ ಹೊರೆಯ ಮಣ್ಣನ್ನು ತಾನೇ ಕಳೆದು ಹೇಳುವವನು ಓಣಿಯಲ್ಲಿ ಕಳ್ಳನೆನಿಸಿಕೊಳ್ಳುತ್ತಿದ್ದ. ಅವನ ಹೊರೆಯನ್ನು ಮರುವರ್ಷ ಯಾರೂ ಮುಟ್ಟುತ್ತಿರಲಿಲ್ಲ. ತಲೆತಲಾಂತರದಿಂದ ನಡೆದುಬಂದ ಈ ಪದ್ಧತಿಯನ್ನು ಯಾರೂ ಯಾರಿಗೂ ಬಾಯಿಬಿಟ್ಟು ಕಲಿಸಿದ್ದಿಲ್ಲ. ನೀರು ಕುಡಿಯುವಾಗ ಲೋಟ ಹಿಡಿಯುವುದನ್ನು ಯಾರಾದರೂ ಕಲಿಸುತ್ತಾರೆಯೇ?

ಗಿಡ ಒಂದೇ. ಓಣಿಯವರ ಬಾಯಲ್ಲಿ ಭಂಗಿ, ಪೊಲೀಸರ ಬಾಯಲ್ಲಿ ಗಾಂಜಾ, ಈಗ ಬಂದಿರುವ ಕಂಪನಿಗಳ ಜಾಹೀರಾತಿನಲ್ಲಿ 'ಹಸಿರು ಬೆಳೆ'. ಹುರಿಯಜ್ಜನ ಟ್ರಂಕಿನಲ್ಲಿ ಅದೇ ಗಿಡಕ್ಕೆ ಮೂರು ಕಾಗದಗಳಿದ್ದವು. ಅಜ್ಜನ ಕಾಲದ್ದು ಸುಂಕದ ರಸೀದಿ. ಆಗ ಸರ್ಕಾರವೇ ಗಿಡ ಎಣಿಸಿ ಸುಂಕ ಹಾಕುತ್ತಿತ್ತು, ಹಡಗುಗಳಿಗೆ ಹಗ್ಗವನ್ನೂ ತಾನೇ ಕೊಳ್ಳುತ್ತಿತ್ತು. ಅಪ್ಪನ ಕಾಲದ್ದು ಪರವಾನಗಿ. ಆಗ ಓಣಿಯ ತುದಿಯಲ್ಲೇ ಸರ್ಕಾರಿ ಮೊಹರಿನ ಸೊಪ್ಪಿನ ಅಂಗಡಿಯಿತ್ತು, ನಾರು ಓಣಿಗೆ, ಸೊಪ್ಪು ಅಂಗಡಿಗೆ, ಕಡ್ಡಿ ಒಲೆಗೆ. ಆಮೇಲೆ ಯಾವುದೋ ದೂರದ ಸಭೆಯಲ್ಲಿ ಯಾರೋ ಸಹಿ ಹಾಕಿದರು. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ತಿಂಗಳೊಳಗೆ ಹೊಲಗಳಲ್ಲಿ ಗಿಡ ಕಿತ್ತು ಸುಟ್ಟರು. ಮೊಹರು ಕೊಟ್ಟ ಇಲಾಖೆಯವರೇ ಸೀಮೆಎಣ್ಣೆ ತಂದಿದ್ದರು. ಓಣಿ ಪ್ಲಾಸ್ಟಿಕ್ ದಾರಕ್ಕೆ ತಿರುಗಿತು.

ಮೂರನೆಯ ಕಾಗದ ಹುರಿಯಜ್ಜನದ್ದೇ: ಜೈಲಿನಿಂದ ಬಿಡುಗಡೆಯ ಚೀಟಿ.

ಅವನು ಮಾಡಿದ್ದು ಇಷ್ಟು. ಅಜ್ಜ ಉಳಿಸಿಕೊಂಡು ಬಂದಿದ್ದ ಉದ್ದ ನಾರಿನ ತಳಿ ಸಾಯಬಾರದೆಂದು ವರ್ಷಕ್ಕೆ ಎರಡೇ ಎರಡು ಗಿಡಗಳನ್ನು, ಗಂಡೊಂದು ಹೆಣ್ಣೊಂದು, ಹಿತ್ತಿಲಿನಲ್ಲಿ ಒಂದೇ ಕುಂಡದಲ್ಲಿ ಬೆಳೆಸಿ ಬೀಜ ಮಾಡಿಟ್ಟುಕೊಳ್ಳುತ್ತಿದ್ದ. ಹದಿನೈದು ವರ್ಷ ಹಾಗೆ ನಡೆಯಿತು. ಹದಿನಾರನೆಯ ವರ್ಷ ಪೊಲೀಸರು ಬಂದರು. ಗಿಡ ಕಿತ್ತರೆ ಕೈ ಕೊಳೆಯಾಗುತ್ತದೆಂದು ಕುಂಡವನ್ನೇ ಎತ್ತಿಕೊಂಡು ಹೋಗಿ, ಠಾಣೆಯಲ್ಲಿ ಕುಂಡದ ಸಮೇತ ತಕ್ಕಡಿಗೆ ಏರಿಸಿದರು. ಐದು ಕಿಲೋ ನಾನೂರು. ಹಳೆಯ ಕಾಯಿದೆಯಲ್ಲಿ ಐದು ಕಿಲೋ ಒಂದು ಗೆರೆ. ಕೆಳಗಿದ್ದರೆ 'ಇಟ್ಟುಕೊಂಡದ್ದು', ಹದಿನೈದು ದಿನ. ಮೇಲಿದ್ದರೆ 'ವ್ಯಾಪಾರ', ನಾಲ್ಕು ವರ್ಷ.

ನಾಲ್ಕು ವರ್ಷವೂ ಅವನು ಒಳಗಿದ್ದ. ಮಣ್ಣಿಗಾಗಿ.

*

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಎಂದಿನಂತೆ ಕೆಲಸ ಶುರುವಾಯಿತು. ಮಗಳು ಒಂದು ತುದಿಯಲ್ಲಿ ಕುಳಿತು ರಾಟೆ ತಿರುಗಿಸುತ್ತಿದ್ದಳು. ಅಪ್ಪ ಸೊಂಟಕ್ಕೆ ಎಳೆಯ ಕಟ್ಟು ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತಾ ಹಿಂದಕ್ಕೆ ನಡೆಯುತ್ತಿದ್ದ. ಹಗ್ಗದವರು ಮುಂದೆ ನೋಡುತ್ತಾ ಹಿಂದಕ್ಕೆ ಹೋಗುವವರು. ಅರವತ್ತು ಹೆಜ್ಜೆ ಹಿಂದಕ್ಕೆ ನಡೆದರೆ ಅರವತ್ತು ಹೆಜ್ಜೆ ಹುರಿ. ಈಗಿನ ಎಳೆ ಪ್ಲಾಸ್ಟಿಕ್ಕಿನದು; ಅದಕ್ಕೆ ಹುರಿ ನಿಲ್ಲುವುದಿಲ್ಲ, ಜಾರುತ್ತದೆ. ಅದರಲ್ಲೂ ಊರಾಚೆಯ ಕಾರ್ಖಾನೆಯ ಯಂತ್ರ ಇವರು ಒಂದು ದಿನ ಹೊಸೆಯುವುದನ್ನು ಅರ್ಧ ಗಂಟೆಯಲ್ಲಿ ಹೊಸೆಯುತ್ತಿತ್ತು. ಓಣಿಯಲ್ಲಿ ಹದಿನಾಲ್ಕು ಅಂಗಳಗಳಿದ್ದದ್ದು ಈಗ ಎರಡು. ನಾರಿನ ಹಗ್ಗ ಕೇಳಿಕೊಂಡು ಜನ ಮತ್ತೆ ಬರತೊಡಗಿದ್ದರು. ಪರವಾನಗಿ ಸಿಕ್ಕರೆ ಅಂಗಳ ಉಳಿಯುತ್ತದೆ, ಸಿಗದಿದ್ದರೆ ಬರುವ ವರ್ಷ ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ಇಬ್ಬರಿಗೂ ಅದು ಗೊತ್ತಿತ್ತು.

"ಮುಖ್ಯರಸ್ತೆ ಮೂಲೇಲಿ ಗಾಜಿನ ಅಂಗಡಿ ತೆಗೆದಿದ್ದಾರೆ, ನೋಡಿದ್ಯಾ?" ಎಂದಳು ಮಗಳು. "ಅದೇ ಸೊಪ್ಪು. ಜಾಡಿಗೊಂದು ಲೈಟು. ಮಂತ್ರಿಗಳೇ ಬಂದು ರಿಬ್ಬನ್ ಕತ್ತರಿಸಿದ್ರು."

"ರಿಬ್ಬನ್ ಯಾವುದ್ರದ್ದು?"

"ಪ್ಲಾಸ್ಟಿಕ್ಕು."

ಮುದುಕ ಹಿಂದಕ್ಕೆ ನಡೆಯುತ್ತಲೇ ನಕ್ಕ. ಮಗಳು ನಗಲಿಲ್ಲ.

"ಅಪ್ಪ, ಒಂದು ಸಾಲು. ಸುಳ್ಳು ಹೇಳಿದ್ದೆ ಅಂತ ಒಂದೇ ಸಾಲು. ಯಾರು ಓದ್ತಾರೆ ಅದನ್ನ? ಸಹಿ ಹಾಕಿದ ಮೇಲೆ ಅವರೇ ಹರಿದು ಹಾಕ್ತಾರೆ."

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

"ಗಾದೆ ಹೇಳಿದ್ರೆ ಗಿಡ ಬೆಳೆಯಲ್ಲ."

"ನೋಡು, ಜೈಲಿಗೆ ಹೋಗಿದ್ದು ಗಿಡಕ್ಕೆ. ಓಣಿಯವರು ಅಯ್ಯೋ ಪಾಪ ಅಂದ್ರೇ ಹೊರತು ಒಬ್ಬರೂ ನನ್ನನ್ನ ತೂಕದಲ್ಲಿ ಮೋಸ ಮಾಡಿದವನು ಅನ್ನಲಿಲ್ಲ. ಬಂದ ಮಾರನೇ ದಿನವೇ ತಕ್ಕಡಿ ನನ್ನ ಕೈಗೆ ಕೊಟ್ರು. ಈಗ ನಾನೇ ಬರೆದುಕೊಟ್ರೆ? ಅವರು ಮಣ್ಣು ಕಳೆಯಲಿಲ್ಲ. ಅದು ಅವರ ತಪ್ಪು. ಅದಕ್ಕೆ ನಾನ್ಯಾಕೆ ಸುಳ್ಳುಗಾರ ಆಗ್ಲಿ?"

ರಾಟೆ ನಿಂತಿತು. ಹುರಿ ಒಂದು ಸುತ್ತು ಬಿಚ್ಚಿಕೊಂಡು ಸಡಿಲವಾಯಿತು.

"ನೀನು ಒಳಗಿದ್ದಾಗ ಈ ರಾಟೆ ಅಮ್ಮ ತಿರುಗಿಸ್ತಿದ್ಲು. ಒಂಬತ್ತು ವರ್ಷದವಳು ನಾನು ಹಿಂದಕ್ಕೆ ನಡೀತಿದ್ದೆ. ಎಷ್ಟು ಸಲ ಬಿದ್ದಿದ್ದೀನಿ ಗೊತ್ತಾ? ಸಾಲ್ದೂ ಅಂತ ಈಗಲೂ ನಾನೇ ಬೀಳ್ಬೇಕಾ?"

ಮುದುಕ ಅರವತ್ತು ಹೆಜ್ಜೆಯಾಚೆ ನಿಂತಿದ್ದ. ಅಷ್ಟು ದೂರದಿಂದ ಮಾತಾಡುವುದು ಇಬ್ಬರಿಗೂ ಅಭ್ಯಾಸವಾಗಿತ್ತು. ಕಷ್ಟದ ಮಾತನ್ನೆಲ್ಲ ಅವರು ಹುರಿಯ ಎರಡು ತುದಿಗಳಲ್ಲಿ ನಿಂತೇ ಆಡಿದ್ದರು. ಅವನು ಸಡಿಲವಾದ ಹುರಿಯನ್ನು ಹೆಬ್ಬೆರಳಿನಿಂದ ಮತ್ತೆ ಬಿಗಿ ಮಾಡತೊಡಗಿದ.

ಹುರಿ ಬಿಗಿಯಾದ ಮೇಲೆ ಅವಳು ಕೇಳಿದಳು. "ಕೋರ್ಟಲ್ಲಿ ನೀನು 'ಸರಿ' ಅಂತ ಒಂದೇ ಮಾತು ಅಂದ್ಯಾ?"

"ಒಂದೇ ಮಾತು ಯಾಕೆ ಅಂತೀನಿ? 'ಸರಿ ಸ್ವಾಮಿ, ಐದು ನಾನೂರು, ಕುಂಡ ಮಣ್ಣು ನೀವು ಕಳ್ಕೊಳ್ಳಿ' ಅಂದೆ. ಎಲ್ಲರೂ ನಕ್ರು."

"ಯಾಕೆ ನಕ್ರು?"

"ನನಗೇನು ಗೊತ್ತು. ನ್ಯಾಯಾಧೀಶರೂ ನಕ್ರು."

ಮಗಳು ಎದ್ದು ನಿಂತಳು. "ಅಪ್ಪ, ಆ ಗುಮಾಸ್ತೆ ಓದಿದ್ದು ತೀರ್ಪನ್ನ. ನೀನು ಆಡಿದ ಮಾತು ಇರೋದು ಹೇಳಿಕೆಯ ಹಾಳೇಲಿ. ಅದನ್ನ ಅಲ್ಲೇ ಕೂತು ಒಬ್ಬರು ಟೈಪ್ ಮಾಡ್ತಿರ್ತಾರೆ. ಎಲ್ಲಾನೂ."

*

ಗುರುವಾರ ಅಪ್ಪ ಮಗಳು ಇಬ್ಬರೂ ಬಂದು ಹೇಳಿಕೆಯ ಹಾಳೆ ಕೇಳಿದಾಗ ಗುಮಾಸ್ತೆ ಮೊದಲು ಆಗಲ್ಲ ಎಂದಳು. ಕಡತ ಹಳೆಯ ಕಟ್ಟಡದಲ್ಲಿದೆ ಎಂದಳು. ಆಮೇಲೆ ಹೆಗ್ಗಣ ತಿಂದಿರುತ್ತೆ ಎಂದಳು. ಮಗಳು ಎಲ್ಲದಕ್ಕೂ 'ಆಗಲಿ ಮೇಡಮ್, ಕಾಯ್ತೀನಿ' ಎನ್ನುತ್ತಾ ಕಿಟಕಿಯ ಪಕ್ಕದಿಂದ ಕದಲಲಿಲ್ಲ. ಹನ್ನೊಂದೂವರೆಗೆ ಗುಮಾಸ್ತೆ ತಾನೇ ಎದ್ದು ಹೋಗಿ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ, ಸೆರಗಿನ ತುಂಬ ಧೂಳು ಮೆತ್ತಿಕೊಂಡು ವಾಪಸು ಬಂದಳು. ಕಡತದ ಒಂದು ಮೂಲೆಯನ್ನು ಹೆಗ್ಗಣ ನಿಜವಾಗಿಯೂ ತಿಂದಿತ್ತು. ಹೇಳಿಕೆಯ ಹಾಳೆ ಉಳಿದಿತ್ತು.

ಅವಳು ಬೆರಳಿಟ್ಟು ಓದಿದಳು. ಮೊದಲ ಸಲ ಬೇಗ, ಎರಡನೆಯ ಸಲ ನಿಧಾನ. "'ಪ್ರಶ್ನೆ: ತೂಕ ಐದು ಕಿಲೋ ನಾನೂರು ಗ್ರಾಂ ಎಂಬುದು ಸರಿಯೇ? ಉತ್ತರ: ಸರಿ ಸ್ವಾಮಿ, ಐದು ನಾನೂರು, ಕುಂಡ ಮಣ್ಣು ನೀವು ಕಳ್ಕೊಳ್ಳಿ.'" ಅವಳು ನಿಲ್ಲಿಸಿದಳು. ಮುಂದೆ ಕಂಸದಲ್ಲಿ ಎರಡು ಪದಗಳಿದ್ದವು. ಅವನ್ನು ಓದಲೋ ಬೇಡವೋ ಎಂದು ಯೋಚಿಸಿದಂತಿತ್ತು. "'ನ್ಯಾಯಾಲಯದಲ್ಲಿ ನಗು.'"

ಕಿಟಕಿಯ ಈಚೆ ಯಾರೂ ನಗಲಿಲ್ಲ.

"ಓದಿದ್ರಲ್ಲ," ಎಂದ ಹುರಿಯಜ್ಜ. "ಈಗ ಕಳೀರಿ."

ಕಳೆಯುವುದು ಅವಳ ಅಧಿಕಾರದಲ್ಲಿರಲಿಲ್ಲ. ಒಳಗಿನ ಕೋಣೆಯಲ್ಲಿ ವಿಭಾಗದ ಅಧಿಕಾರಿ ಕೂತಿದ್ದ. ವಯಸ್ಸು ಮೂವತ್ತರ ಒಳಗೆ. ಈ ಶಿಕ್ಷೆಯಾದ ವರ್ಷ ಅವನಿನ್ನೂ ಹುಟ್ಟಿರಲಿಲ್ಲ. ಹಾಳೆಯನ್ನು ಗಮನವಿಟ್ಟು ಓದಿದ. "ನೀವು ಹೇಳೋದು ಸರಿ ಇರಬಹುದು ಅಜ್ಜ. ಆದ್ರೆ ಕುಂಡ, ಮಣ್ಣು ಎಷ್ಟು ತೂಕ ಅಂತ ಎಲ್ಲೂ ಬರೆದಿಲ್ಲ. ಬಾಯಿಲೆಕ್ಕ ನಡೆಯಲ್ಲ. ವಸ್ತುವೇ ಬೇಕು."

"ಮೂವತ್ತೊಂದು ವರ್ಷದ ಹಿಂದಿನ ಕುಂಡ ಎಲ್ಲಿಂದ ತರೋದು ಸಾರ್?" ಎಂದಳು ಮಗಳು.

"ಗಿಡ ಸುಟ್ಟುಹಾಕಲು ಆದೇಶ ಇದೆ." ಅವನು ಕಡತ ತಿರುವಿದ. ಇನ್ನೊಮ್ಮೆ ತಿರುವಿದ. "ಕುಂಡ ಸುಡಲು ಆದೇಶ ಇಲ್ಲ."

*

ವಶಪಡಿಸಿಕೊಂಡ ವಸ್ತುಗಳ ಉಗ್ರಾಣ ಅದೇ ಕಟ್ಟಡದ ಹಿಂಭಾಗದಲ್ಲಿತ್ತು. ಅದರ ಕಾವಲಿನವನನ್ನು ಎಲ್ಲರೂ ಬೀಗದಯ್ಯ ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ನಡೆದರೆ ಎತ್ತಿನ ಕೊರಳ ಗಂಟೆಯ ಸದ್ದು. ಅಧಿಕಾರಿ, ಗುಮಾಸ್ತೆ, ಮಗಳು, ಮುದುಕ ನಾಲ್ವರೂ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವನು ಬೀಡಿಯನ್ನು ಪಕ್ಕದಲ್ಲಿದ್ದ ಏನಕ್ಕೋ ಚುಚ್ಚಿ ಆರಿಸಿ ಎದ್ದ.

"ಕುಂಡವಾ? ಕುಂಡ ಗಿಂಡ ಇಲ್ಲ ಸಾರ್. ಮೂವತ್ತೊಂದು ವರ್ಷ ಅಂದ್ರೆ ನನಗಿಂತ ಹಿಂದಿನವರ ಕಾಲ. ಕತ್ತಿ ಇದೆ, ಸೈಕಲ್ ಇದೆ, ಕೊಳವೆ ಇದೆ. ಕುಂಡ ಅಂತೂ..."

ಹುರಿಯಜ್ಜ ಅವನ ಮಾತನ್ನು ಕೇಳುತ್ತಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಒತ್ತಿಟ್ಟಿದ್ದ ವಸ್ತುವನ್ನೇ ನೋಡುತ್ತಿದ್ದ. ಬೀಗದಯ್ಯ ಈಗಷ್ಟೇ ಬೀಡಿ ಆರಿಸಿದ್ದು ಅದರಲ್ಲೇ. ಮಣ್ಣಿನ ಕುಂಡ. ಅಂಚಿನಲ್ಲಿ ಒಂದು ಚಕ್ಕೆ ಹೋಗಿತ್ತು. ಕುತ್ತಿಗೆಯಲ್ಲಿ ಇನ್ನೂ ತಂತಿ ಸುತ್ತಿದ್ದು, ಅದರಲ್ಲಿ ತುಕ್ಕು ಹಿಡಿದ ತಗಡಿನ ಬಿಲ್ಲೆ ನೇತಾಡುತ್ತಿತ್ತು.

"ಆ ಚಕ್ಕೆ ಒಡೆದವಳು ಇವಳು," ಎಂದ, ಮಗಳ ಕಡೆ ತೋರಿಸಿ. "ಏಳು ವರ್ಷದವಳಿದ್ದಾಗ."

ಗುಮಾಸ್ತೆ ಕುಕ್ಕರುಗಾಲಲ್ಲಿ ಕೂತು ಬಿಲ್ಲೆಯನ್ನು ಬೆರಳಿನಿಂದ ಉಜ್ಜಿದಳು. ನಂಬರು ಹೊಂದಿತು.

"ಇದಾ? ಇದು ಬಾಗಿಲ ಕುಂಡ ಅಲ್ವಾ ಸಾರ್," ಎಂದ ಬೀಗದಯ್ಯ, ಮನೆಯವರನ್ನೇ ಯಾರೋ ಹಿಡಿದುಕೊಂಡು ಹೋಗುತ್ತಿರುವಂತೆ. "ನಾನು ಬಂದಾಗಿಂದ ಇಲ್ಲೇ ಇದೆ. ಗಾಳಿಗೆ ಬಾಗಿಲು ಬಡೀತಿರುತ್ತೆ."

"ಮೂವತ್ತೊಂದು ವರ್ಷ ಇದೂ ಸರ್ಕಾರಿ ನೌಕರಿ ಮಾಡಿದೆ," ಎಂದ ಹುರಿಯಜ್ಜ. "ಪಿಂಚಣಿ ಕೊಡಬೇಕಾಗುತ್ತೆ."

ಉಗ್ರಾಣದ ಮೂಲೆಯಲ್ಲಿ ತೂಕದ ಯಂತ್ರವಿತ್ತು, ಹೊಸದು, ಕೆಂಪು ಅಂಕಿಗಳು ಬೆಳಗುವಂಥದ್ದು. ಅಧಿಕಾರಿ ಲೆಕ್ಕವನ್ನು ಸ್ಪಷ್ಟವಾಗಿ ಹೇಳಿದ. "ಕುಂಡ, ಮಣ್ಣು ಸೇರಿ ನಾಲ್ಕು ಕಿಲೋ ನಾನೂರು ಬಂದ್ರೆ ಗಿಡ ಒಂದು ಕಿಲೋ. ರದ್ದು ಮಾಡಬಹುದು. ಅದಕ್ಕಿಂತ ಒಂದು ಗ್ರಾಂ ಕಡಿಮೆ ಆದ್ರೂ ಗಿಡ ಒಂದು ಕಿಲೋ ದಾಟುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಮೂವತ್ತೊಂದು ವರ್ಷ ಒಣಗಿದ ಮಣ್ಣು. ಪೊಲೀಸರು ಬಂದ ದಿನ ಬೆಳಿಗ್ಗೆ ಕುಂಡಕ್ಕೆ ತಂಬಿಗೆ ತುಂಬ ನೀರು ಹಾಕಿದ್ದು ಅವಳೇ. ಆ ನೀರು ಕೂಡ ಐದು ನಾನೂರರಲ್ಲಿ ಸೇರಿತ್ತು. ಅದು ಎಂದೋ ಆರಿಹೋಗಿದೆ. ಅದರ ತೂಕವೆಲ್ಲ ಈಗ ಗಿಡದ ಲೆಕ್ಕಕ್ಕೆ ಹೋಗುತ್ತದೆ.

ಬೀಗದಯ್ಯ ಕುಂಡವನ್ನು ಎತ್ತಿ ಯಂತ್ರದ ಮೇಲಿಟ್ಟ. ಅಂಕಿಗಳು ಓಡಿ ನಿಂತವು. ನಾಲ್ಕು ಕಿಲೋ ಐನೂರ ಹತ್ತು.

ಮಗಳು ಉಸಿರು ಬಿಟ್ಟಳು. ಗುಮಾಸ್ತೆ ಆಗಲೇ ಪೆನ್ನು ತೆಗೆದಿದ್ದಳು.

"ಸ್ವಲ್ಪ ತಡೀರಿ," ಎಂದ ಹುರಿಯಜ್ಜ.

ಅವನು ಕುಂಡದ ಮುಂದೆ ಕೂತು, ಕುತ್ತಿಗೆಯ ತಂತಿ, ಬಿಲ್ಲೆ ಬಿಚ್ಚಿ ಪಕ್ಕಕ್ಕಿಟ್ಟ. ಮಣ್ಣಿನಲ್ಲಿ ಚುಚ್ಚಿದ್ದ ಬೀಡಿಯ ತುಂಡುಗಳನ್ನು ಒಂದೊಂದಾಗಿ ಕೀಳತೊಡಗಿದ. ಮೇಲಿನವು ಸುಲಭವಾಗಿ ಬಂದವು. ಕೆಳಗೆ ಇನ್ನೂ ಇದ್ದವು, ವರ್ಷಗಳ ಮೇಲೆ ವರ್ಷ ಪದರಪದರವಾಗಿ. ಎರಡು ಬಾಟಲಿ ಮುಚ್ಚಳ, ಒಂದು ಗುಂಡಿ, ಒಂದು ಮುರಿದ ಬೀಗದ ಕೈ ಸಿಕ್ಕಿತು.

"ಅಯ್ಯೋ ಇದನ್ನ ಎಷ್ಟು ದಿನ ಹುಡುಕಿದೆ," ಎಂದ ಬೀಗದಯ್ಯ.

"ಅಪ್ಪ." ಮಗಳ ದನಿ ಬಹಳ ತಗ್ಗಿತ್ತು. "ಅಪ್ಪ, ಸಾಕು. ತೂಕ ಆಗಿದೆ."

"ಇವರ ಬೀಡಿ ನನ್ನ ಮಣ್ಣಲ್ಲ."

"ಸರ್ಕಾರದ್ದೇ ಬೀಡಿ ಅಪ್ಪ. ಸರ್ಕಾರವೇ ಇಟ್ಟುಕೊಂಡಿದ್ದು. ಬಿಡು."

"ಅಜ್ಜ, ನಾನೇನೂ ಕೇಳಲಿಲ್ಲ," ಎಂದ ಅಧಿಕಾರಿ, ಸ್ವಲ್ಪ ಮುಜುಗರದಿಂದ. "ಇದ್ದ ಹಾಗೇ ಬರೀತೀವಿ."

"ಇದ್ದ ಹಾಗೆ ಬರೆದಿದ್ದಕ್ಕೇ ಸ್ವಾಮಿ ನಾನು ಒಳಗೆ ಹೋಗಿದ್ದು."

ಮುದುಕ ಮಣ್ಣನ್ನು ಒಂದು ಹಾಳೆಯ ಮೇಲೆ ಸುರಿದು, ಬೆರಳಿನಿಂದ ಅಗಲ ಮಾಡಿ, ಬೂದಿಯನ್ನು ಊದಿ, ಮತ್ತೆ ಕುಂಡಕ್ಕೆ ತುಂಬಿದ. ಮಣ್ಣಿನ ಒಂದು ಕಣವೂ ಹೊರಗೆ ಬೀಳಲಿಲ್ಲ. ತೂಕ ನೋಡಿಯೇ ಮುದಿಯಾದ ಕೈ ಅದು. ಅವನು ಕುಂಡವನ್ನು ಮತ್ತೆ ಯಂತ್ರದ ಮೇಲಿಟ್ಟಾಗ ಮಗಳು ಕೆಂಪು ಅಂಕಿಗಳಿಗೆ ಬೆನ್ನು ತಿರುಗಿಸಿ ಗೋಡೆಗೆ ಒರಗಿಸಿದ್ದ ಸೈಕಲ್ಲುಗಳನ್ನು ಎಣಿಸತೊಡಗಿದಳು. ನಾಲ್ಕು. ಐದು. ಆರನೆಯದಕ್ಕೆ ಸೀಟಿರಲಿಲ್ಲ.

"ನಾಲ್ಕು ಕಿಲೋ ನಾನೂರ ಮೂವತ್ತು," ಎಂದಳು ಗುಮಾಸ್ತೆ.

ಹುರಿಯಜ್ಜ ಅಧಿಕಾರಿಯ ಕಡೆ ತಿರುಗಿದ. "ಈಗ ನೀವು ಕಳೀರಿ. ಕಳೆಯೋದು ತಗೊಂಡವರ ಕೆಲಸ."

ಅಧಿಕಾರಿಗೆ ಆ ಮಾತಿನ ಹಿಂದಿನ ಓಣಿ ಗೊತ್ತಿರಲಿಲ್ಲ. ಆದರೂ ಕಡತವನ್ನು ಯಂತ್ರದ ಪಕ್ಕ ಬಿಚ್ಚಿ, ಶಾಲೆಯ ಹುಡುಗನಂತೆ ಒಂದರ ಕೆಳಗೊಂದು ಬರೆದ. ಐದು ನಾನೂರು. ಅದರಲ್ಲಿ ನಾಲ್ಕು ನಾನೂರ ಮೂವತ್ತು. ಗೆರೆ ಎಳೆದ. ಒಂಬೈನೂರ ಎಪ್ಪತ್ತು ಗ್ರಾಂ.

"ಅದರಲ್ಲಿ ಒಂದು ತಂಬಿಗೆ ನೀರೂ ಇದೆ ಸಾರ್," ಎಂದಳು ಮಗಳು, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ಅವತ್ತು ಬೆಳಿಗ್ಗೆ ನಾನು ಹಾಕಿದ್ದು. ಅದನ್ನ ಕಳೆದ್ರೆ ಗಿಡ ಏನೂ ಉಳಿಯಲ್ಲ. ಬರೀಬೇಡಿ, ಸುಮ್ಮನೆ ಹೇಳ್ದೆ."

ಹುರಿಯಜ್ಜ ಮಗಳನ್ನು ನೋಡಿದ. ಈ ನೀರಿನ ವಿಷಯ ಅವನಿಗೆ ಅವಳು ಇಲ್ಲಿಯತನಕ ಹೇಳಿರಲಿಲ್ಲ.

*

ಉಳಿದದ್ದು ಬೇಗ ಮುಗಿಯಿತು. ಅಧಿಕಾರಿ ರದ್ದತಿಯ ಪತ್ರಕ್ಕೆ ಸಹಿ ಹಾಕಿದ. ಮಗಳು ಅದನ್ನು ಪರವಾನಗಿಯ ಅರ್ಜಿಯ ಜೊತೆ ಸೇರಿಸಿ ಪಿನ್ನು ಚುಚ್ಚಿದಳು.

"ಇನ್ನು ಈ ಕಡತ ನಾಶ ಮಾಡ್ತೀವಿ," ಎಂದಳು ಗುಮಾಸ್ತೆ. "ನಾಳೆಯಿಂದ ಈ ಮೊಕದ್ದಮೆ ನಡೆದೇ ಇಲ್ಲ ಅಂತ ಲೆಕ್ಕ."

"ಆ ಹೇಳಿಕೆ ಹಾಳೆ ನನಗೆ ಕೊಡಿ."

"ಆಗಲ್ಲ ಅಜ್ಜ. ಪೂರ್ತಿ ನಾಶ. ಕಾನೂನು."

"ನಾನು ಹೇಳಿದ್ದು ಅದ್ರಲ್ಲಿದೆ. ಅವರು ನಕ್ಕಿದ್ದೂ ಅದ್ರಲ್ಲಿದೆ. ನನ್ನ ತಪ್ಪು ಅಳಿಸ್ತೀರಿ, ಒಳ್ಳೇದು. ನಿಮ್ಮ ತಪ್ಪೂ ಅದರ ಜೊತೆಗೇ ಹೋಗುತ್ತಲ್ಲ. ನಾಲ್ಕು ವರ್ಷ ನಾನು ಎಲ್ಲಿದ್ದೆ ಅಂತ ಯಾರಾದ್ರೂ ಕೇಳಿದ್ರೆ?"

ಗುಮಾಸ್ತೆ ಕಡತದ ದಾರವನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು. ಆಮೇಲೆ ಮೇಜಿನ ಕೆಳಗಿನಿಂದ ಬೇರೊಂದು ಪುಸ್ತಕ ತೆಗೆದಳು.

"ಕುಂಡ ನಿಮ್ಮದು. ವಾಪಸು ಕೊಡ್ಬೇಕು. ವಾಪಸು ಕೊಟ್ಟಿದ್ದಕ್ಕೆ ರಸೀದಿ ಕೊಡ್ಬೇಕು. ರಸೀದಿ ಕಡತಕ್ಕೆ ಸೇರಲ್ಲ, ನಿಮ್ಮ ಹತ್ರ ಇರುತ್ತೆ." ಅವಳು ಬರೆಯುತ್ತಾ ಓದಿದಳು. "ಮೊಕದ್ದಮೆ ನಂಬರ್ ಇಷ್ಟು. ಮಣ್ಣಿನ ಕುಂಡ ಒಂದು. ಒಳಗಿನ ಮಣ್ಣು ಸೇರಿ ನಾಲ್ಕು ಕಿಲೋ ನಾನೂರ ಮೂವತ್ತು ಗ್ರಾಂ. ವಶಪಡಿಸಿಕೊಂಡಾಗ ಗಿಡದ ತೂಕದಲ್ಲಿ ಸೇರಿಸಲಾಗಿತ್ತು." ಪೆನ್ನು ನಿಲ್ಲಿಸಿ ಕೇಳಿದಳು. "ಇನ್ನೇನಾದ್ರೂ ಬರೀಬೇಕಾ?"

"ಮೊಹರು ಹಾಕಿ."

ಅವಳು ಮೊಹರು ಒತ್ತಿದಳು.

*

ಕುಂಡವನ್ನು ಮಗಳು ಹೊತ್ತಳು. ದಾರಿಯಲ್ಲಿ ಗಾಜಿನ ಅಂಗಡಿ ಬಂತು. ಒಳಗೆ ತಂಪು ಬೆಳಕು, ಹೊರಗೆ ಬಿಳಿ ಅಂಗಿಯವರ ಸಾಲು. ಆ ಸಾಲಿನಲ್ಲಿ ಯಾರಿಗೂ ಆತುರವಿರಲಿಲ್ಲ. ಕಾಯುವವರಿಗೆಂದು ಬೆಂಚು ಹಾಕಿದ್ದರು. ಹುರಿಯಜ್ಜ ಅದರ ಮೇಲೆ ಐದು ನಿಮಿಷ ಕೂತು ಎದ್ದ. ಯಾರೂ ಏನೂ ಅನ್ನಲಿಲ್ಲ.

"ಬೀಡಿ ತೆಗೆದ್ರೂ ತೂಕ ಸಾಲುತ್ತೆ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು ಮಗಳು.

"ಇಲ್ಲ."

ಅವಳು ಕುಂಡವನ್ನು ಇನ್ನೊಂದು ಬದಿಯ ಸೊಂಟಕ್ಕೆ ಬದಲಿಸಿಕೊಂಡಳು. "ಸಾಲದೇ ಹೋಗಿದ್ರೆ ನಾನು ನಿನ್ನ ಜೊತೆ ಮಾತು ಬಿಡ್ತಿದ್ದೆ."

"ಗೊತ್ತು," ಎಂದ ಮುದುಕ.

ಮನೆಯಲ್ಲಿ ಅವನು ಮಣ್ಣನ್ನು ಇನ್ನೊಮ್ಮೆ ಕೆದಕಿ ನೋಡಿದ. ಐದಾರು ಬೀಜ ಸಿಕ್ಕವು. ಹಲ್ಲಿನಲ್ಲಿ ಕಚ್ಚಿ ನೋಡಿದ, ಪುಡಿಯಾದವು. ಮೂವತ್ತೊಂದು ವರ್ಷದ ಬೀಜ ಹುಟ್ಟುವುದಿಲ್ಲ. ಅಜ್ಜನ ತಳಿ ಅಲ್ಲಿಗೆ ಮುಗಿಯಿತು. ಇನ್ನು ಬೀಜ ಕಂಪನಿಯಿಂದಲೇ ಬರಬೇಕು. ಅವನು ಆ ಪುಡಿಯನ್ನು ಕೈಯಿಂದ ಒರೆಸಿಕೊಂಡು, ರಸೀದಿಯನ್ನು ಟ್ರಂಕಿನಲ್ಲಿ ಉಳಿದ ಮೂರು ಕಾಗದಗಳ ಮೇಲಿಟ್ಟ.

ಮಗಳು ಹೊಸ್ತಿಲ ಮೇಲೆ ಕೂತು ಪರವಾನಗಿಯ ಅರ್ಜಿಯ ಉಳಿದ ಕಲಮುಗಳನ್ನು ತುಂಬುತ್ತಿದ್ದಳು. ಒಂಬತ್ತನೆಯದರಲ್ಲಿ 'ಯಾರೂ ಇಲ್ಲ' ಎಂದು ಬರೆದಾಗಿತ್ತು. ಹನ್ನೆರಡನೆಯದು: 'ಮೊದಲ ಬೆಳೆಯ ಅಂದಾಜು ತೂಕ'.

"ಎಷ್ಟು ಬರೀಲಿ?"

ಅಪ್ಪ ಒಂದು ಅಂಕಿ ಹೇಳಿದ. ಅವಳು ಅದನ್ನು ಬರೆದು, ಪಕ್ಕದಲ್ಲಿ 'ಮಣ್ಣು ಕಳೆದು' ಎಂದು ಸೇರಿಸಲು ಹೊರಟಳು.

"ಕೊಡುವವರು ಕಳೀಬಾರದು," ಎಂದ ಅವನು ತಟ್ಟನೆ. "ಓಣಿಯಲ್ಲಿ ಏನಂತಾರೆ?"

"ಓಣಿಯವರಿಗೆ ಕೊಡ್ತಿಲ್ಲ ಅಪ್ಪ. ಇವರಿಗೆ ಕೊಡ್ತಿರೋದು."

ಮುದುಕ ಅಂಗಳದ ಕಡೆ ನೋಡಿದ. ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಹುರಿ ಅಲ್ಲಿ ಎರಡು ಗೂಟಗಳ ನಡುವೆ ಬಿಗಿದು ನಿಂತಿತ್ತು.

"ಎರಡೂ ಬರಿ," ಎಂದ ಕೊನೆಗೆ. "ಮಣ್ಣು ಸೇರಿಸಿ ಇಷ್ಟು. ಮಣ್ಣು ಕಳೆದು ಇಷ್ಟು. ಜಾಗ ಸಾಲದಿದ್ರೆ ಹಿಂದಿನ ಪುಟದಲ್ಲಿ ಬರಿ."

ಜಾಗ ಸಾಲಲಿಲ್ಲ. ಅವಳು ಹಾಳೆ ತಿರುವಿ, ಹಿಂದಿನ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು.